ಅಗ್ಗದ ಗಾಳಿಬಂದೂಕಿಗೆ ಗುರಿ ಕಲಿಸುವುದು ಹೇಗೆ?

ವಿಜಯಪುರಕ್ಕೆ ಹೋದವರು ಶೆರ್ಜಾ ಬುರುಜನ್ನೇರಿ ಮುಲ್ಕ್ ಮೈದಾನ್ ತೋಪನ್ನು ನೋಡದೆ ಹಿಂದಿರುಗುವುದಿಲ್ಲ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್ನು. ನಳಿಗೆಯ ಒಳ ಅಗಲ ಸುಮಾರು 70 ಸೆಂಟಿಮೀಟರು. ಇದರ ಪಕ್ಕದಲ್ಲಿ ವಿದ್ಯಾರ್ಥಿಯೊಬ್ಬನ ಸ್ಪ್ರಿಂಗಿನ ಗಾಳಿಬಂದೂಕನ್ನಿಟ್ಟರೆ ಆಟದ ಸಾಮಾನಿನಂತೆ ಕಂಡೀತು. ಅದರ ನಳಿಗೆಯ ಅಗಲ ನಾಲ್ಕೂವರೆ ಮಿಲಿಮೀಟರು ಮಾತ್ರ. ಆದರೂ ಎರಡಕ್ಕೂ ಒಂದೇ ನಿಯಮ: ಗುಂಡು ಮುಂದೆ ಹೋಗಬೇಕಾದರೆ ಬಂದೂಕು ಹಿಂದೆ ಸರಿಯಲೇಬೇಕು. ನಮ್ಮ ಇಂದಿನ ಪಾಠವೆಲ್ಲ ಈ ಹಿಂದೆ ಸರಿಯುವ ಸಂಗತಿಯ ಸುತ್ತಲೇ ಇದೆ.

ವಿಜಯಪುರದಲ್ಲಾಗಲಿ, ತಿಕೋಟಾ, ಬಬಲೇಶ್ವರಗಳಲ್ಲಾಗಲಿ, ಕೆಲವು ಸಾವಿರ ರೂಪಾಯಿ ಕೂಡಿಟ್ಟು ದೇಶೀ ಗಾಳಿಬಂದೂಕನ್ನು ಕೊಂಡ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಅವನ ಗುಂಡುಗಳು ಕಾಗದದ ಮೇಲೆ ಚೆದರಿ ಬೀಳುತ್ತವೆ. ಬಂದೂಕಿಗೆ ಬಲ ಸಾಲದೆಂದು ಬಗೆದು ಅವನು ಇನ್ನಷ್ಟು ಬಿಗಿಯಾದ ಸ್ಪ್ರಿಂಗನ್ನು ಹುಡುಕತೊಡಗುತ್ತಾನೆ. ಇದು ಸರಿಯೇ? ಲೆಕ್ಕ ಮಾಡಿ ನೋಡೋಣ.

ಬಲ ಬೇಕೋ, ಸಮತೆ ಬೇಕೋ?

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಗುರಿಯ ದೂರ 10 ಮೀಟರು. ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರು. ನಾಲ್ಕೂವರೆ ಮಿಲಿಮೀಟರು ದಪ್ಪದ ಗುಂಡು ಅದರ ಅಂಚನ್ನು ಸೋಕಿದರೂ ಹತ್ತು ಅಂಕ ದೊರೆಯುವುದರಿಂದ, ಗುಂಡಿನ ಕೇಂದ್ರವು ಚುಕ್ಕೆಯ ಕೇಂದ್ರದಿಂದ ಎರಡೂವರೆ ಮಿಲಿಮೀಟರಿನೊಳಗೆ ಬೀಳಬೇಕು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದುದು ಈ ದೂರದ ಸ್ಪರ್ಧೆಯಲ್ಲೇ.

ಗುಂಡು ಸೆಕೆಂಡಿಗೆ 175 ಮೀಟರು ವೇಗದಲ್ಲಿ ಹೊರಟಿತೆನ್ನೋಣ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಗುರಿ ಮುಟ್ಟಲು 0.057 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವದಿಂದ 16 ಮಿಲಿಮೀಟರು ಕೆಳಗಿಳಿದಿರುತ್ತದೆ. ಮುಂದಿನ ಗುಂಡಿನ ವೇಗ 165 ಮೀಟರಾದರೆ ಇಳಿತ 18 ಮಿಲಿಮೀಟರಾಗುತ್ತದೆ. ಪ್ರತಿ ಗುಂಡೂ 16 ಮಿಲಿಮೀಟರು ಇಳಿದರೆ ಗುರಿಕಂಡಿಯನ್ನು ಅಷ್ಟು ಎತ್ತರಿಸಿ ಸರಿಪಡಿಸಬಹುದು. ಒಂದು 16, ಇನ್ನೊಂದು 18 ಇಳಿದರೆ ಯಾವ ಗುರಿಕಂಡಿಯೂ ನೆರವಾಗದು. ಹತ್ತು ಮೀಟರು ದೂರದ ಕಾಗದವನ್ನು ತೂತುಮಾಡಲು ಅಗ್ಗದ ಬಂದೂಕಿನ ಬಲವೂ ಸಾಕು. ನಮಗೆ ಬೇಕಾದುದು ಪ್ರತಿಯೊಂದು ಗುಂಡೂ ಹಿಂದಿನದರಂತೆಯೇ ಹೊರಡುವುದು.

ಒಳಗೆ ನಡೆಯುವುದೇನು?

ನಳಿಗೆಯನ್ನು ಮಡಿಸಿದಾಗ ಉಕ್ಕಿನ ಸ್ಪ್ರಿಂಗು ಕುಗ್ಗಿ, ಪಿಸ್ಟನ್ನು ಹಿಂದೆ ಸರಿದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆಯನ್ನೆಳೆದೊಡನೆ ಪಿಸ್ಟನ್ನು ಮುನ್ನುಗ್ಗಿ ತನ್ನ ಮುಂದಿನ ಗಾಳಿಯನ್ನು ಅದುಮುತ್ತದೆ. ಆ ಒತ್ತಡ ಗುಂಡನ್ನು ನೂಕುತ್ತದೆ. ಇದೆಲ್ಲ ಮುಗಿಯಲು ಸೆಕೆಂಡಿನ ಸುಮಾರು ನೂರರಲ್ಲೊಂದು ಭಾಗ ಸಾಕು.

ಪಿಸ್ಟನ್ನು ಮುಂದೆ ಹೋಗುವಾಗ ಬಂದೂಕು ಹಿಂದೆ ಸರಿಯುತ್ತದೆ. ಅದುಮಿದ ಗಾಳಿಯ ಮೆತ್ತೆಗೆ ಬಡಿದು ಪಿಸ್ಟನ್ನು ನಿಂತಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಗೆಯನ್ನು ಬಿಡುವ ಮೊದಲೇ ಈ ಕುಲುಕಾಟ ಆರಂಭವಾಗಿರುತ್ತದೆ. ಒಂದು ಉದಾಹರಣೆ ನೋಡಿ. ಬಂದೂಕಿನ ಒಟ್ಟು ತೂಕ 3.6 ಕಿಲೋಗ್ರಾಂ, ಅದರಲ್ಲಿ ಚಲಿಸುವ ಭಾಗ 300 ಗ್ರಾಂ, ಪಿಸ್ಟನ್ನಿನ ಓಟ 70 ಮಿಲಿಮೀಟರು ಎಂದಿಟ್ಟುಕೊಂಡರೆ, ಯಾರೂ ತಡೆಯದ ಬಂದೂಕು ಸುಮಾರು 6 ಮಿಲಿಮೀಟರು ಹಿಂದೆ ಸರಿಯುತ್ತದೆ.

ಇದನ್ನು ನಿವಾರಿಸಲು ಜರ್ಮನಿಯ ಫೈನ್‌ವೆರ್ಕ್‌ಬೌ ಸಂಸ್ಥೆ 1960ರ ದಶಕದಲ್ಲಿ ಬಂದೂಕಿನ ಲೋಹದ ಭಾಗವೆಲ್ಲ ಹಿಡಿಕೆಯ ಮೇಲೆ ಹಳಿಯಂತೆ ಜಾರುವ ಏರ್ಪಾಡನ್ನು ಮಾಡಿತು. ಇಂದಿನ ದೊಡ್ಡ ಸ್ಪರ್ಧೆಗಳ ಬಂದೂಕುಗಳಲ್ಲಿ ಸ್ಪ್ರಿಂಗೇ ಇಲ್ಲ. ಮೊದಲೇ ಅದುಮಿ ತುಂಬಿದ ಗಾಳಿಯಿಂದ ಅವು ಕೆಲಸ ಮಾಡುತ್ತವೆ. ನಮ್ಮ ಅಗ್ಗದ ಬಂದೂಕಿಗೆ ಈ ಭಾಗ್ಯವಿಲ್ಲ. ಆದುದರಿಂದ ಅದನ್ನು ಗಟ್ಟಿಯಾಗಿ ಅವುಚಿ ಹಿಡಿಯದೆ, ಎಡ ಅಂಗೈಯ ಮೇಲೆ ಹಗುರವಾಗಿ ಮಲಗಿಸಿ, ತೋಪು ತನ್ನ ಗಾಡಿಯ ಮೇಲೆ ಸರಿಯುವಂತೆ ಸರಿಯಗೊಡಬೇಕು. ಈ ಹಿಡಿತಕ್ಕೆ ‘ಆರ್ಟಿಲರಿ ಹೋಲ್ಡ್’, ಎಂದರೆ ತೋಪಿನ ಹಿಡಿತವೆಂದೇ ಹೆಸರು. ಅಂಗೈ ಪ್ರತಿಸಲವೂ ಒಂದೇ ಜಾಗದಲ್ಲಿರಬೇಕು.

ಹದಗೊಳಿಸುವ ಕ್ರಮ

ಮೊದಲು ಹಿಡಿಕೆಯ ತಿರುಪುಗಳನ್ನು ನೋಡಬೇಕು. ಕುಲುಕಾಟದಿಂದ ಅವು ತಾವಾಗಿಯೇ ಸಡಿಲಗೊಳ್ಳುತ್ತವೆ. ಎಷ್ಟೋ ಬಂದೂಕುಗಳ ರೋಗ ಇಷ್ಟೇ.

ಎರಡನೆಯದು, ನಳಿಗೆ ಮಡಿಸುವ ಕೀಲಿನಲ್ಲಿರುವ ವಾಷರು. ಕೀಲಿನ ಮೇಲೆ ತೆಳುವಾದ ಕಾಗದದ ಎಳೆಯೊಂದನ್ನಿಟ್ಟು ಗುರಿಯತ್ತ ಗುಂಡು ಹಾರಿಸಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ; ವಾಷರನ್ನು ಬದಲಾಯಿಸಬೇಕು.

ಮೂರನೆಯದು ಎಣ್ಣೆ. ಹೆಚ್ಚು ಎಣ್ಣೆ ಹಾಕಿದರೆ ಬಂದೂಕು ಸುಧಾರಿಸುವುದೆಂಬುದು ತಪ್ಪು ತಿಳಿವಳಿಕೆ. ಥಟ್ಟನೆ ಅದುಮಿದ ಗಾಳಿ ಕೆಲವು ನೂರು ಡಿಗ್ರಿಗಳವರೆಗೆ ಕಾಯುತ್ತದೆ. ಪಿಸ್ಟನ್ನಿನ ಮುಂದೆ ಎಣ್ಣೆಯಿದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಅದು ಹೊತ್ತಿಕೊಳ್ಳುತ್ತದೆ. ಆಗ ಒಂದು ಗುಂಡು ಹೆಚ್ಚು ವೇಗದಿಂದಲೂ ಇನ್ನೊಂದು ಕಡಿಮೆ ವೇಗದಿಂದಲೂ ಹೊರಡುತ್ತದೆ. ನಳಿಗೆಯ ಬಾಯಲ್ಲಿ ಹೊಗೆ, ಸುಟ್ಟ ವಾಸನೆಗಳು ಇದರ ಗುರುತು.

ನಾಲ್ಕನೆಯದು ಗುಂಡು. ಒಂದೇ ಡಬ್ಬಿಯಲ್ಲೂ ಅಂಚು ನಜ್ಜಾದ ಗುಂಡುಗಳಿರುತ್ತವೆ. ಅವನ್ನು ಆರಿಸಿ ತೆಗೆಯಬೇಕು. ಗುರಿಕಾಗದಕ್ಕೆ ಚಪ್ಪಟೆ ತಲೆಯ ಗುಂಡೇ ಒಳ್ಳೆಯದು. ಅದು ದುಂಡನೆಯ ಸ್ವಚ್ಛ ತೂತು ಮಾಡುತ್ತದೆ.

ಐದನೆಯದು ಗುರಿಕಂಡಿ. ಹಿಂದಿನ ಕಂಡಿಗೂ ಮುಂದಿನ ಮೊಳೆಗೂ ಅರ್ಧ ಮೀಟರು ಅಂತರವಿದ್ದರೆ, ಕಂಡಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಲುಗಿದರೂ ಗುಂಡು 2 ಮಿಲಿಮೀಟರು ತಪ್ಪುತ್ತದೆ. ಅಲುಗುವ ಕಂಡಿಯನ್ನು ಭದ್ರಪಡಿಸದೆ ಬೇರಾವ ಶ್ರಮವೂ ಫಲಿಸದು.

ಸ್ಪ್ರಿಂಗು ಸೊಟ್ಟಗಾಗಿದ್ದರೆ, ಅಥವಾ ಅದರೊಳಗಿನ ಕಡ್ಡಿ ಸಡಿಲವಾಗಿ ಝಣತ್ಕಾರ ಕೇಳಿಬರುತ್ತಿದ್ದರೆ, ಅಳತೆಗೆ ಸರಿಹೊಂದುವ ಹೊಸ ಕಡ್ಡಿಯಿಂದ ನಡುಕ ತಗ್ಗುತ್ತದೆ. ಆದರೆ ಇದನ್ನು ನುರಿತ ಬಂದೂಕು ರಿಪೇರಿಯವರಿಗೇ ಬಿಡಬೇಕು. ಬಂದೂಕು ಖಾಲಿಯಿದ್ದಾಗಲೂ ಸ್ಪ್ರಿಂಗು ಒಳಗೆ ಅದುಮಿಕೊಂಡೇ ಇರುತ್ತದೆ. ಬಿಚ್ಚಿದೊಡನೆ ಚಿಮ್ಮಿ ಮುಖಕ್ಕೆ ಬಡಿದೀತು. ಕುದುರೆಯ ಕೊಕ್ಕೆಯನ್ನು ಅರದಿಂದ ಉಜ್ಜುವುದಂತೂ ಕೂಡದು. ಸವೆದ ಕೊಕ್ಕೆ ತಾನಾಗಿ ಜಾರಿದರೆ ಬಂದೂಕು ಹೇಳದೆ ಹಾರುತ್ತದೆ. ತಯಾರಕರು ಕೊಟ್ಟ ತಿರುಪಿನಿಂದ ಎಷ್ಟು ಸಾಧ್ಯವೋ ಅಷ್ಟರಲ್ಲೇ ತೃಪ್ತಿಪಡಬೇಕು.

ಪರೀಕ್ಷೆ

ಮೆತ್ತನೆಯ ದಿಂಬಿನ ಮೇಲೆ ಕೈಯನ್ನೂ, ಕೈಯ ಮೇಲೆ ಬಂದೂಕನ್ನೂ ಇಟ್ಟು ಐದೈದು ಗುಂಡುಗಳ ಮೂರು ಗುಂಪುಗಳನ್ನು ಹಾರಿಸಿರಿ. ಪ್ರತಿ ಗುಂಪಿನಲ್ಲಿ ಅತಿ ದೂರದ ಎರಡು ತೂತುಗಳ ಕೇಂದ್ರಗಳ ಅಂತರವನ್ನು ಅಳೆದು ಬರೆದಿಡಿರಿ. ಗುಂಪು ಬಿಗಿಯಾಗಿದ್ದು ಬದಿಗೆ ಬಿದ್ದರೆ ಕಂಡಿಯನ್ನು ತಿರುಗಿಸಿದರಾಯಿತು. ಗುಂಪೇ ಚೆದರಿದ್ದರೆ ಮಾತ್ರ ಬಂದೂಕನ್ನೋ ಹಿಡಿತವನ್ನೋ ಶಂಕಿಸಬೇಕು. ನುರಿತವರೊಬ್ಬರು ಅದೇ ಬಂದೂಕಿನಿಂದ ಹಾರಿಸಿದಾಗ ಗುಂಪು ಕಿರಿದಾದರೆ, ದೋಷ ಬಂದೂಕಿನದಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ವಾಷರನ್ನೂ ಗುಂಡನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವ ಬಗೆಯಿಲ್ಲ. ವಿಜಯಪುರದ ಬೇಸಿಗೆ ನಲವತ್ತು ಡಿಗ್ರಿ ಮುಟ್ಟುತ್ತದೆ. ಚಳಿಗಾಲದ ಬೆಳಗಿನಲ್ಲಿ ಗಟ್ಟಿಯಾಗಿದ್ದ ಗ್ರೀಸು ಆಗ ತೆಳುವಾಗುತ್ತದೆ. ಆದುದರಿಂದ ಉಷ್ಣತೆಯನ್ನೂ ಬರೆದಿಡುವುದು ಲೇಸು.

ಎಚ್ಚರಿಕೆ

2016ರ ಆಯುಧ ನಿಯಮಗಳ ಪ್ರಕಾರ ನಾಲ್ಕೂವರೆ ಮಿಲಿಮೀಟರು ಅಗಲ, 20 ಜೌಲು ಶಕ್ತಿ ಇವೆರಡನ್ನೂ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಡ. ಪರವಾನಗಿ ಬೇಡವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಗುಂಡೊಂದು ಪುಟಿದು ಬಂದರೂ ಕಣ್ಣು ಹೋದೀತು. ಕನ್ನಡಕವಿಲ್ಲದೆ, ಹಿರಿಯರಿಲ್ಲದೆ, ಗುರಿಯ ಹಿಂದೆ ಗುಂಡು ತಡೆಯುವ ಭದ್ರವಾದ ತಡೆಯಿಲ್ಲದೆ ಹಾರಿಸಬಾರದು. ಗುಂಡಿಲ್ಲದೆ ಹಾರಿಸಿದರೆ ಮೆತ್ತೆಯಿಲ್ಲದ ಪಿಸ್ಟನ್ನು ಬಡಿದು ಮುರಿಯುತ್ತದೆ. ಗುಂಡು ತುಂಬುವಾಗ ಮಡಿಸಿದ ನಳಿಗೆಯನ್ನು ಇನ್ನೊಂದು ಕೈಯಿಂದ ಬಿಗಿಹಿಡಿದಿರಬೇಕು. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕುಳಿತ ಹಕ್ಕಿಯತ್ತ ಇದನ್ನು ಎಂದಿಗೂ ಎತ್ತಕೂಡದು.

ಹೀಗೆ ಹದಗೊಳಿಸಿದ ಬಂದೂಕು ಒಲಿಂಪಿಕ್ಸಿನ ಬಂದೂಕಿಗೆ ಸರಿಗಟ್ಟಲಾರದು. ಆದರೆ ಅದನ್ನು ಹದಗೊಳಿಸಿದ ವಿದ್ಯಾರ್ಥಿ ಶಾಲೆಯಲ್ಲಿ ಓದಿದ ನ್ಯೂಟನ್ನನ ನಿಯಮವನ್ನು ತನ್ನ ಭುಜದಲ್ಲಿಯೇ ಅರಿತಿರುತ್ತಾನೆ. ಮುಂದೆ ಒಳ್ಳೆಯ ಬಂದೂಕು ಕೈಗೆ ಬಂದ ದಿನ ಅವನ ಟಿಪ್ಪಣಿ ಪುಸ್ತಕವೂ ನಿಧಾನವಾದ ಕೈಯೂ ಅವನೊಡನೆ ಇರುತ್ತವೆ.