ಪದವಿಗೆ ವಯಸ್ಸು ಎಷ್ಟಾಗಿರಬೇಕು?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಎಲ್ಲಿ ಯೂತ್ ಮೀಟಿಂಗ್ ಮಾಡಿದರೂ ಒಂದು ಪ್ರಶ್ನೆ ಬರುತ್ತೆ: "ಪಾಸ್ಟರ್, ನಮ್ಮ ಟೈಮ್ ಯಾವಾಗ ಬರತೈತಿ?" ಇವತ್ತು ಅದನ್ನೇ ಲೆಕ್ಕ ಹಾಕಿ ನೋಡೋಣ. ಇದು ಯಾವ ಪಕ್ಷದ ಮಾತೂ ಅಲ್ಲ.

ಮೊದಲು ನಮ್ಮ ಜಿಲ್ಲೆ ನೋಡ್ರಿ. ಶಿಗ್ಗಾಂವಿ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು 2021ರ ಜುಲೈ 28ರಂದು ಮುಖ್ಯಮಂತ್ರಿಯಾದಾಗ ಅವರಿಗೆ 61 ವರ್ಷ. ಅವರ ತಂದೆ ಎಸ್.ಆರ್. ಬೊಮ್ಮಾಯಿಯವರು 1988ರಲ್ಲಿ ಅದೇ ಕುರ್ಚಿಗೆ ಬಂದಾಗ 64. ದೇವೇಗೌಡರು 1996ರಲ್ಲಿ ಪ್ರಧಾನಿಯಾದದ್ದು 63ಕ್ಕೆ. ರಾಜೀವ್ ಗಾಂಧಿಗೆ ಆಗ 40, ಮೊರಾರ್ಜಿ ದೇಸಾಯಿಗೆ 81. ನಮ್ಮ ಕಾನೂನಿನಲ್ಲಿ ಗ್ರಾಮ ಪಂಚಾಯಿತಿಗೆ 21, ವಿಧಾನಸಭೆಗೂ ಲೋಕಸಭೆಗೂ 25, ರಾಷ್ಟ್ರಪತಿಗೆ 35 ತುಂಬಿರಬೇಕು. ಬಾಗಿಲು 25ಕ್ಕೇ ತೆರೆಯುತ್ತೆ, ಆದರೆ ದೊಡ್ಡ ಕುರ್ಚಿ ಸಿಗುವಾಗ ಅನೇಕರಿಗೆ 60 ದಾಟಿರುತ್ತೆ. ನಡುವಿನ ವರ್ಷಗಳಲ್ಲಿ ಏನು ಮಾಡ್ತೀವಿ ಅನ್ನೋದೇ ಇವತ್ತಿನ ಪಾಠ.

ಈಗ ಸತ್ಯವೇದ ತೆರೆಯಿರಿ. ಯೋಸೇಫನಿಗೆ ಕನಸು ಬಿದ್ದಾಗ 17, ಫರೋಹನ ಮುಂದೆ ನಿಂತಾಗ 30 (ಆದಿಕಾಂಡ 37:2, 41:46). ನಡುವೆ 13 ವರ್ಷ: ಪೋಟೀಫರನ ಮನೆ, ಆಮೇಲೆ ಸೆರೆಮನೆ. ದಾವೀದ ಅರಸನಾದದ್ದು 30ಕ್ಕೆ. ಮೋಶೆ ಫರೋಹನ ಹತ್ತಿರ ಮಾತಾಡಿದ್ದು 80ಕ್ಕೆ.

ಇನ್ನಿಬ್ಬರನ್ನು ಪಕ್ಕಪಕ್ಕ ಇಟ್ಟು ನೋಡ್ರಿ. ಯೋಷೀಯ 8 ವರ್ಷದ ಹುಡುಗ, ಸಿಂಹಾಸನಕ್ಕೆ ಬಂದ. 16ಕ್ಕೆ ದೇವರನ್ನು ಹುಡುಕೋಕೆ ಶುರು ಮಾಡಿದ. 26ಕ್ಕೆ ಧರ್ಮಶಾಸ್ತ್ರದ ಗ್ರಂಥ ಸಿಕ್ಕಾಗ ಬಟ್ಟೆ ಹರಿದುಕೊಂಡು ತಗ್ಗಿಸಿಕೊಂಡ (2 ಪೂರ್ವಕಾಲವೃತ್ತಾಂತ 34). ರೆಹಬ್ಬಾಮನಿಗೆ ಪಟ್ಟವಾದಾಗ 41. ಜನ ಬಂದು ಭಾರ ಕಡಿಮೆ ಮಾಡು ಅಂದರು. ಜನರ ಸೇವಕನಾಗು ಅಂತ ಹಿರಿಯರು ಬುದ್ಧಿ ಹೇಳಿದರು. ಅವನು ಅದನ್ನು ಬಿಟ್ಟು ಜೊತೆಗೆ ಬೆಳೆದ ಗೆಳೆಯರ ಮಾತು ಕೇಳಿದ, ಹತ್ತು ಕುಲಗಳನ್ನು ಕಳಕೊಂಡ (1 ಅರಸುಗಳು 12). ಎಂಟು ವರ್ಷದವನು ಕಲಿತ, ನಲವತ್ತೊಂದರವನು ಕಲಿಯಲಿಲ್ಲ! ವಯಸ್ಸು ನಮ್ಮನ್ನು ಅನರ್ಹರನ್ನಾಗಿ ಮಾಡೋದಿಲ್ಲ, ಅರ್ಹರನ್ನಾಗಿಯೂ ಮಾಡೋದಿಲ್ಲ. ಕೇಳುವ ಕಿವಿ ಇದೆಯಾ ಅನ್ನೋದು ಮುಖ್ಯ.

ಪದವಿ ಬರದೇ ಹೋದರೆ? ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರನ್ನು ನೆನೆಸಿಕೊಳ್ಳಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದಾಗ ಅವರಿಗೆ 18 ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ 31. ಮಂತ್ರಿಯಾಗಲಿಲ್ಲ, ಶಾಸಕರಾಗಲಿಲ್ಲ. ಆದರೂ ಇವತ್ತು ಹಾವೇರಿ ರೈಲು ನಿಲ್ದಾಣಕ್ಕೆ ಅವರದೇ ಹೆಸರು. ಕೆಲಸ ಮಾಡೋಕೆ ಅವರು ಕುರ್ಚಿಗಾಗಿ ಕಾಯಲಿಲ್ಲ.

ಸಭೆಯ ಹಿರಿಯರಿಗೂ ಒಂದು ಮಾತು. ಯೌವನಸ್ಥರನ್ನು ಬರೀ ಕುರ್ಚಿ ಹಾಕೋಕೆ, ಮೈಕ್ ಜೋಡಿಸೋಕೆ ಇಟ್ಟುಕೊಂಡರೆ ಅವರು ಒಂದು ದಿನ ಸುಮ್ಮನೆ ಎದ್ದು ಹೋಗ್ತಾರೆ. ಪೌಲನು ಯೌವನಸ್ಥನಾದ ತಿಮೊಥೆಯನ ಕೈಗೆ ಸಭೆಯನ್ನೇ ಕೊಟ್ಟ.

ಯೌವನಸ್ಥರೇ, ಈ ವಾರ ಎರಡು ಕೆಲಸ ಮಾಡಿ. ನಿಮಗಿಂತ 20 ವರ್ಷ ದೊಡ್ಡವರೊಬ್ಬರ ಹತ್ತಿರ ಕೂತು, ನಿಮ್ಮ ಬದುಕಿನ ಒಂದು ತೀರ್ಮಾನದ ಬಗ್ಗೆ ಆಲೋಚನೆ ಕೇಳಿ. ನಿಮ್ಮ ಪಂಚಾಯಿತಿ ಸದಸ್ಯರಿಂದ ಪ್ರಧಾನಿವರೆಗೆ, ನೀವು ಓಟು ಹಾಕದವರಿಗೂ ಸೇರಿಸಿ, ಹೆಸರು ಹೇಳಿ ಪ್ರಾರ್ಥಿಸಿ (1 ತಿಮೊಥೆ 2:1-2). ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.