ತೇರು ಎರಡು, ಕ್ಯಾಮೆರಾ ಮೂರು

ಚೈತ್ರ ಹುಣ್ಣಿಮೆಗೆ ಹಂಪಿಯಲ್ಲಿ ವಿರೂಪಾಕ್ಷ, ಪಂಪಾಂಬಿಕೆಯರ ಜೋಡಿ ತೇರು. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಹುಡುಗರು ರಥಬೀದಿಯಲ್ಲಿ ಮೂರು ಕಡೆ ನಿಂತು ಶೂಟ್ ಮಾಡಿಕೊಂಡು ಬಂದರೆಂದುಕೊಳ್ಳಿ. ಮಿಕ್ಸಿಂಗ್‌ಗೆ ಕೂತಾಗ ತಲೆನೋವು ಶುರು. ಡೊಳ್ಳಿಗೆ ಕೋಲು ಬೀಳುವುದು ಒಂದು ಗಳಿಗೆಗೆ, ಸದ್ದು ಕೇಳುವುದು ಇನ್ನೊಂದು ಗಳಿಗೆಗೆ.

ಅರ್ಧ ಎಡಿಟಿಂಗ್ ಶೂಟಿಂಗ್‌ಗೆ ಮೊದಲೇ ಮುಗಿಯಬೇಕು. ಮೂರೂ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸಲಿ. ಮೂರಕ್ಕೂ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ದೀಪ ಹತ್ತಿದ ಮೇಲೆ ಚಿತ್ರ ಮಿಣುಕುವುದು ಕಡಿಮೆಯಾಗುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೊಗೆ ಬಿಡದೆ 5600 ಕೆಲ್ವಿನ್‌ಗೆ ನಿಲ್ಲಿಸಿ. ಮೂರೂ ಒಂದೇ ಥರ ತಪ್ಪಿದರೆ ಬಣ್ಣ ಸರಿಪಡಿಸಬಹುದು, ಒಂದೊಂದು ಒಂದೊಂದು ಥರ ತಪ್ಪಿದರೆ ರಾತ್ರಿಯೆಲ್ಲ ಕೂರಬೇಕು. ಮೂರನೆಯದು ಮೊಬೈಲ್ ಆಗಿದ್ದರೆ ಅದರ ಫ್ರೇಮ್ ಲೆಕ್ಕ ಏರುಪೇರಾಗುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆರಿಸಿ 25ಕ್ಕೆ ಬದಲಿಸಿಕೊಳ್ಳಿ.

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಮೂರೂ ಕ್ಲಿಪ್ ಆರಿಸಿ, ಬಲ ಕ್ಲಿಕ್ ಮಾಡಿ, ಮಲ್ಟಿಕ್ಯಾಮ್ ಕ್ಲಿಪ್ ಮಾಡಿ. ಹೊಂದಿಸುವ ಬಗೆ ಕೇಳಿದಾಗ ‘ಸೌಂಡ್’ ಎನ್ನಿ. ಕ್ಷಣದಲ್ಲಿ ಜೋಡಿಸಿಕೊಡುತ್ತದೆ, ಆದರೆ ಅದನ್ನು ನಂಬಿ ಎದ್ದುಹೋಗಬೇಡಿ.

ಮೋಸ ಎರಡು ಕಡೆ. ಡೊಳ್ಳಿನ ಪೆಟ್ಟು ಒಂದರಂತೆ ಇನ್ನೊಂದು, ತಂತ್ರಾಂಶ ಒಂದು ಪೆಟ್ಟು ಆಚೀಚೆ ಜೋಡಿಸಿಬಿಡಬಹುದು. ಅದಕ್ಕೇ ಒಮ್ಮೆ ಮಾತ್ರ ಕೇಳುವ ಸದ್ದು ಹುಡುಕಿ: ಪಟಾಕಿ, ಕಹಳೆ, ಇಲ್ಲವೇ ಗಾಲಿಯ ಮುಂದೆ ಒಡೆದ ತೆಂಗಿನಕಾಯಿ. ಎರಡನೆಯದು ದೂರದ ಲೆಕ್ಕ. ಬೇಸಿಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಡೊಳ್ಳಿನಿಂದ 140 ಮೀಟರ್ ಆಚೆ ನಿಂತ ಕ್ಯಾಮೆರಾಗೆ ಸದ್ದು 0.4 ಸೆಕೆಂಡ್ ತಡ, ಅಂದರೆ 10 ಫ್ರೇಮ್. ಸದ್ದಿಗೆ ಸದ್ದು ಕೂಡಿಸಿದರೆ ಆ ಕ್ಯಾಮೆರಾದ ಚಿತ್ರ ಅಷ್ಟೇ ಫ್ರೇಮ್ ಮುಂಚೆ ಓಡುತ್ತದೆ. ಮಲ್ಟಿಕ್ಯಾಮ್ ಕ್ಲಿಪ್ಪನ್ನು ‘ಓಪನ್ ಇನ್ ಟೈಮ್‌ಲೈನ್’ ಮಾಡಿ, ದೂರದ ಕ್ಲಿಪ್ಪನ್ನು 10 ಫ್ರೇಮ್ ಬಲಕ್ಕೆ ತಳ್ಳಿ. ಕೋಲು ಚರ್ಮಕ್ಕೆ ತಾಗಿದ ಫ್ರೇಮಿನಲ್ಲೇ ಪೆಟ್ಟು ಕೇಳಿದರೆ ಸರಿಹೋಯಿತು. ಕೊನೆಗೆ ಡೊಳ್ಳಿನ ಹತ್ತಿರದ ಕ್ಯಾಮೆರಾದ ಆಡಿಯೊ ಒಂದನ್ನೇ ಉಳಿಸಿ ಮಿಕ್ಕವನ್ನು ಮುಚ್ಚಿಬಿಡಿ.

ಇನ್ನು ಕತ್ತರಿ. ವ್ಯೂವರ್ ಅನ್ನು ‘ಮಲ್ಟಿಕ್ಯಾಮ್’ಗೆ ಬದಲಿಸಿದರೆ ಮೂರೂ ಚಿತ್ರ ಪಕ್ಕಪಕ್ಕ ಕಾಣುತ್ತವೆ. ಕೆಳಗೆ ‘ವಿಡಿಯೊ’ ಮಾತ್ರ ಆರಿಸಿ, ಇಲ್ಲದಿದ್ದರೆ ಕ್ಯಾಮೆರಾದ ಜೊತೆ ಆಡಿಯೊ ಕೂಡ ಹಾರುತ್ತದೆ. ಪ್ಲೇ ಒತ್ತಿ, ಕೀಬೋರ್ಡಿನ 1, 2, 3 ಒತ್ತುತ್ತ ಹೋಗಿ, ಒತ್ತಿದಲ್ಲಿ ಕಟ್ ಬೀಳುತ್ತದೆ. ಸುಮ್ಮನೆ ಒತ್ತುವ ಚಟ ಮಾತ್ರ ಬೇಡ. ತೇರಿನ ಗಾಂಭೀರ್ಯವನ್ನು ಎರಡೆರಡು ಸೆಕೆಂಡಿನ ಚೂರು ಮಾಡಿದ ವಿಡಿಯೊ ನನಗಂತೂ ಸಿನಿಮಾ ಟ್ರೇಲರ್‌ನಂತೆ ಕಾಣುತ್ತದೆ.

ದಿಕ್ಕನ್ನೂ ಮರೆಯಬಾರದು. ಗುಡಿ ಪಶ್ಚಿಮಕ್ಕೆ, ಎದುರು ಬಸವಣ್ಣ ಪೂರ್ವಕ್ಕೆ. ಬೀದಿಯ ದಕ್ಷಿಣ ಬದಿಯಲ್ಲಿ ನಿಂತವನಿಗೆ ಗುಡಿಯಿಂದ ಹೊರಟ ತೇರು ಎಡದಿಂದ ಬಲಕ್ಕೆ ಸಾಗುತ್ತದೆ, ಉತ್ತರ ಬದಿಯವನಿಗೆ ಬಲದಿಂದ ಎಡಕ್ಕೆ. ಇವೆರಡನ್ನು ನೇರ ಜೋಡಿಸಿದರೆ ತೇರು ದಾರಿಯಲ್ಲೇ ಹಿಂದಿರುಗಿದಂತೆ ಕಾಣುತ್ತದೆ. ನಡುವೆ ಬಸವಣ್ಣನ ಕಡೆಯಿಂದ ತೆಗೆದ, ತೇರು ಎದುರಿಗೇ ಬರುವ ಶಾಟ್ ಇಡಿ. ಸಂಜೆಯಾದರೆ ಆ ಕ್ಯಾಮೆರಾದ ಕಣ್ಣಿಗೆ ನೇರ ಇಳಿಬಿಸಿಲು, ಚಿತ್ರ ಮಂಕಾಗುತ್ತದೆ. ಬಣ್ಣ ಹೊಂದಿಸುವಾಗ ಮೊದಲು ಅದನ್ನೇ ಸರಿಮಾಡಿ.

ಕಟ್ ಎಲ್ಲಿ ಎಂದು ತೋಚದಿದ್ದರೆ ಜನರ ಕೈ ನೋಡಿ. ಉತ್ತತ್ತಿ, ಬಾಳೆಹಣ್ಣು ಹಿಡಿದ ಕೈ ಮೊದಲ ಕ್ಯಾಮೆರಾದಲ್ಲಿ ಬೀಸುತ್ತಿರುವಾಗಲೇ ಕತ್ತರಿಸಿ. ಹಣ್ಣು ಕಳಸದತ್ತ ಹಾರುವುದು ಎರಡನೆಯದರಲ್ಲಿ ಬರಲಿ.