ಕೊನೆಯ ಕಾಳಗ ಬರೆಯುವವರಿಗೆ

ವೈಜ್ಞಾನಿಕ ಕತೆಗಳನ್ನು ಬರೆಯುತ್ತ, ಕಮ್ಮಟಗಳಲ್ಲಿ ಹೊಸಬರ ಹಸ್ತಪ್ರತಿಗಳನ್ನು ತಿದ್ದುತ್ತ ಬಂದಿದ್ದೇನೆ. ಬಾಹ್ಯಾಕಾಶ ಯುದ್ಧದ ಕತೆಗಳಲ್ಲಿ ಬಹುಪಾಲು ಒಂದೇ ಕಡೆ ಹೋಗಿ ನಿಲ್ಲುತ್ತವೆ. ನೌಕೆ ಜಖಂಗೊಂಡಿದೆ, ಶತ್ರು ಸುತ್ತುವರಿದಿದ್ದಾನೆ, ದಂಡನಾಯಕ ಶರಣಾಗಲು ಒಪ್ಪದೆ ನುಗ್ಗಿ ಸಾಯುತ್ತಾನೆ. ಬರೆದವರು ಅದನ್ನು ಮಾನದ ಗೆಲುವೆಂದು ನಂಬಿರುತ್ತಾರೆ. ನೌಕೆಯೊಳಗಿದ್ದ ಉಳಿದವರನ್ನು ಯಾರು ಕೇಳಿದರು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಓದಿ, ಬರೆದು ಕಲಿತ ಪಾಠಗಳಿವು.

1. ಆ ಸಾವಿನಿಂದ ಯಾರಿಗೆ ಎಷ್ಟು ಹೊತ್ತು ಸಿಕ್ಕಿತು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ಜಪಾನಿನ ಟಿವಿಯಲ್ಲಿ 1974ರ ಅಕ್ಟೋಬರಿನಲ್ಲಿ ಶುರುವಾದ 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾತೊ' ಅನಿಮೆಯ ಮೊದಲ ಕಂತನ್ನು ಕಮ್ಮಟಕ್ಕೆ ಬಂದವರೆಲ್ಲ ನೋಡಲೇಬೇಕು ಎನ್ನುತ್ತೇನೆ. ಇಸವಿ 2199. ಗಮಿಲಾಸ್ ಗ್ರಹದವರು ಎಸೆದ ಬಾಂಬುಗಳಿಂದ ಭೂಮಿಯ ಮೇಲ್ಮೈ ವಿಕಿರಣದಲ್ಲಿ ಬೆಂದುಹೋಗಿದೆ, ಜನ ನೆಲದಡಿಯ ನಗರಗಳನ್ನು ಸೇರಿದ್ದಾರೆ. ಪ್ಲೂಟೊ ಬಳಿ ನಡೆದ ಕದನದಲ್ಲಿ ಭೂಮಿಯ ಪಡೆ ನಾಶವಾಗಿ ಕೊನೆಗೆ ಎರಡೇ ನೌಕೆಗಳು ಉಳಿದಿವೆ: ಅಡ್ಮಿರಲ್ ಒಕಿತಾನದು, ಯುವ ಕ್ಯಾಪ್ಟನ್ ಮಮೊರು ಕೊದಾಯ್‌ನ ಯುಕಿಕಾಜೆ. ಇವತ್ತಿನ ಅವಮಾನ ನುಂಗಿಕೊಂಡು ನಾಳೆಗಾಗಿ ಬದುಕಬೇಕೆಂದು ಒಕಿತಾ ಹಿಮ್ಮೆಟ್ಟಲು ನಿರ್ಧರಿಸುತ್ತಾನೆ. ಸತ್ತ ಸಂಗಾತಿಗಳಿಗೆ ಹೇಗೆ ಮುಖ ತೋರಿಸಲಿ ಎಂದು ಮಮೊರು ಶತ್ರುವಿನತ್ತ ನುಗ್ಗುತ್ತಾನೆ. ಅವನು ನುಗ್ಗಿದ್ದರಿಂದ ಒಕಿತಾ ಪಾರಾಗುತ್ತಾನೆ. ಒಕಿತಾ ಪಾರಾದದ್ದರಿಂದಲೇ 1,48,000 ಜ್ಯೋತಿರ್ವರ್ಷ ದೂರದ ಇಸ್ಕಂದರ್ ಗ್ರಹಕ್ಕೆ ಹೋಗಿ ವಿಕಿರಣ ಕಳೆಯುವ ಯಂತ್ರ ತರುವ ಪಯಣಕ್ಕೆ ಒಬ್ಬ ನಾಯಕ ಸಿಗುತ್ತಾನೆ.

ಓದುಗರ ಮನಸ್ಸು ಸಹಜವಾಗಿ ಮಮೊರು ಕಡೆ ವಾಲುತ್ತದೆ. ನನಗೆ ಒಕಿತಾ ದೊಡ್ಡವನಾಗಿ ಕಾಣುತ್ತಾನೆ. ಮಮೊರುವಿನ ತಮ್ಮ ಸುಸುಮು ಮುಂದೆ ಅವನೆದುರು ನಿಂತು, ನನ್ನಣ್ಣನನ್ನು ಸಾಯಲು ಬಿಟ್ಟು ಬಂದಿರಿ ಎಂದು ದೂರುವಾಗ ಅದನ್ನು ಕೇಳಿಸಿಕೊಳ್ಳಬೇಕಾದವನು ಅವನೇ.

ನಮ್ಮ ಓದುಗರು ವೀರಗಲ್ಲುಗಳ ನಾಡಿನವರು, ಕಾದಿ ಸತ್ತವರಿಗೆ ಸ್ವರ್ಗ ಎಂಬ ಕಲ್ಪನೆ ಅವರಿಗೆ ಹೇಳಿಕೊಡಬೇಕಾದ್ದಲ್ಲ. ಆದರೆ ತುರುಗೊಳ್ ಕಾಳಗದ ಶಾಸನಗಳನ್ನು ಗಮನವಿಟ್ಟು ಓದಿದರೆ, ಎಷ್ಟೋ ಕಲ್ಲುಗಳಲ್ಲಿ ವೀರ ಸತ್ತ ಸಂಗತಿಗಿಂತ ಮೊದಲೇ ಅವನು ದನಗಳನ್ನು ಮರಳಿಸಿದ ಸಂಗತಿ ಬರುತ್ತದೆ. ಊರಿಗೆ ಏನು ಉಳಿಯಿತು ಎಂಬುದನ್ನು ಕಲ್ಲು ಕೊರೆಸಿದವರು ಮರೆತಿರಲಿಲ್ಲ.

2. ಕತೆಯ ಕೆಳಗಿರುವ ಇತಿಹಾಸವನ್ನು ಓದಿ

ಆ ಅನಿಮೆಯ ನೌಕೆಗಳ ಹೆಸರುಗಳು ಸುಮ್ಮನೆ ಇಟ್ಟವಲ್ಲ. 1945ರ ಏಪ್ರಿಲ್‌ನಲ್ಲಿ ಜಪಾನಿನ ನಿಜವಾದ ಯಮಾತೊ ಯುದ್ಧನೌಕೆ ಒಂದು ಲಘು ಕ್ರೂಸರ್ ಮತ್ತು ಎಂಟು ಡಿಸ್ಟ್ರಾಯರ್‌ಗಳೊಂದಿಗೆ, ಮೇಲೆ ವಿಮಾನಗಳ ರಕ್ಷಣೆಯಿಲ್ಲದೆ, ಒಕಿನಾವಾ ಕಡೆ ಹೊರಟಿತು. ದಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಸೈಚಿ ಇತೊ ಈ ಯೋಜನೆಯನ್ನು ವಿರೋಧಿಸಿದ್ದರು, ಇಷ್ಟು ಜನರನ್ನು ವ್ಯರ್ಥವಾಗಿ ಕಳೆದುಕೊಳ್ಳುತ್ತೇವೆ ಎಂಬುದು ಅವರ ತಕರಾರು. ಮೇಲಿನಿಂದ ಒತ್ತಡ ಬಂದ ಮೇಲೆ ಒಪ್ಪಿದರು. ಹೊರಡುವ ಮುನ್ನ, ನೌಕಾ ಅಕಾಡೆಮಿಯಿಂದ ಆಗತಾನೆ ಬಂದಿದ್ದ ಕೆಡೆಟ್‌ಗಳನ್ನು ದಡಕ್ಕಿಳಿಸಲಾಯಿತು. ಏಪ್ರಿಲ್ 7ರ ಮಧ್ಯಾಹ್ನ, ಅಮೆರಿಕದ ನೂರಾರು ವಿಮಾನಗಳ ದಾಳಿಗೆ ಯಮಾತೊ ವಾಲತೊಡಗಿದಾಗ ಇತೊ ಕಾರ್ಯಾಚರಣೆಯನ್ನೇ ರದ್ದುಮಾಡಿ, ಉಳಿದ ಡಿಸ್ಟ್ರಾಯರ್‌ಗಳು ನೀರಿಗೆ ಬಿದ್ದವರನ್ನು ಎತ್ತಿಕೊಂಡು ಹಿಂತಿರುಗಲಿ ಎಂದು ಆಜ್ಞೆ ಕೊಟ್ಟರು. ಆಮೇಲೆ ತಮ್ಮ ಕ್ಯಾಬಿನ್‌ಗೆ ಹೋದರು. 3000ಕ್ಕೂ ಹೆಚ್ಚು ಜನರಿದ್ದ ಆ ನೌಕೆಯಲ್ಲಿ ಬದುಕುಳಿದವರು 300ಕ್ಕಿಂತ ಕಡಿಮೆ.

ಹಿಂತಿರುಗಿದ ನಾಲ್ಕು ಡಿಸ್ಟ್ರಾಯರ್‌ಗಳಲ್ಲಿ ಒಂದು ಯುಕಿಕಾಜೆ. ಯುದ್ಧ ಮುಗಿದ ಮೇಲೂ ಅದು ತೇಲುತ್ತಿತ್ತು. ಕತೆಗಾರರು ಅದೇ ಹೆಸರನ್ನು ಹಿಂತಿರುಗಲು ಒಪ್ಪದ ಮಮೊರುವಿನ ನೌಕೆಗೆ ಇಟ್ಟಿದ್ದಾರೆ. 30 ವರ್ಷ ಹಳೆಯ ನೋವು ಕತೆಯಲ್ಲಿ ಎಷ್ಟು ತಿರುಚಿಕೊಂಡು ಹೊರಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇತೊ ಅವರ ಬದುಕಿನ ಕೊನೆಯ ಗಂಟೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ರದ್ದತಿಯ ಆಜ್ಞೆ. ಇನ್ನಷ್ಟು ಹೊತ್ತು ಮುಂಚೆ ಬಂದಿದ್ದರೆ ಎಂದು ಓದಿದಾಗಲೆಲ್ಲ ಸಂಕಟವಾಗುತ್ತದೆ. ಮೇಲಿನವರ ಮಾತಿಗೆ ಕಟ್ಟುಬಿದ್ದದ್ದು, ಕೈಕೆಳಗಿನವರ ಜೀವಕ್ಕೆ ಹೊಣೆಯಾದದ್ದು, ಎರಡೂ ಅವರ ಮಟ್ಟಿಗೆ ಮಾನದ ಪ್ರಶ್ನೆಯೇ. ನಿಮ್ಮ ದಂಡನಾಯಕನನ್ನು ಅಂಥ ಎರಡು ಹಗ್ಗಗಳ ನಡುವೆ ಕಟ್ಟಿ.

3. ಯಾರನ್ನು ಕಳಿಸಿಬಿಡುತ್ತಾನೆ ಎಂಬುದನ್ನು ಬರೆಯಿರಿ

ಯೊಶಿಕಿ ತನಾಕಾ 1982ರಿಂದ 1987ರವರೆಗೆ ಬರೆದ ಹತ್ತು ಸಂಪುಟಗಳ 'ಲೆಜೆಂಡ್ ಆಫ್ ದಿ ಗೆಲಾಕ್ಟಿಕ್ ಹೀರೋಸ್' ಕಾದಂಬರಿಯಲ್ಲಿ ಅಲೆಕ್ಸಾಂಡರ್ ಬ್ಯುಕಾಕ್ ಎಂಬ, 70 ದಾಟಿದ ಅಡ್ಮಿರಲ್ ಇದ್ದಾನೆ. ಅವನು ಸೇವೆ ಸಲ್ಲಿಸಿದ ಗಣರಾಜ್ಯ ಕುಸಿಯುತ್ತಿದೆ. ಮಾರ್-ಅಡೆಟ್ಟಾದಲ್ಲಿ ಚಕ್ರವರ್ತಿ ರೈನ್‌ಹಾರ್ಡ್‌ನ ದಂಡನ್ನು ಗೆಲ್ಲಲಾರೆನೆಂದು ಗೊತ್ತಿದ್ದೂ ಎದುರಿಸುತ್ತಾನೆ, ಶರಣಾಗತಿಯ ಅವಕಾಶವನ್ನು ನಯವಾಗಿ ನಿರಾಕರಿಸುತ್ತಾನೆ. ಇಷ್ಟೇ ಆಗಿದ್ದರೆ ಅವನೂ ಹತ್ತರಲ್ಲಿ ಹನ್ನೊಂದನೆಯವನಾಗುತ್ತಿದ್ದ. ಆದರೆ ಯುದ್ಧಕ್ಕೆ ಮುನ್ನವೇ ಅವನು ಸಮರ್ಥ ಅಧಿಕಾರಿಗಳನ್ನು, ಅದೇ ಗಣರಾಜ್ಯದ ಸೇನಾನಿಯಾಗಿದ್ದ ಯಾಂಗ್ ವೆನ್-ಲಿ ಕಡೆ ಕಳಿಸುತ್ತಾನೆ. ಜೊತೆಗೇ ಸಾಯುತ್ತೇನೆಂದು ಹಟ ಹಿಡಿದ ತನ್ನ ಸಹಾಯಕನಿಗೆ, ಇದು ದೊಡ್ಡವರ ಕೂಟ, ಮೂವತ್ತು ತುಂಬದವರಿಗೆ ಇಲ್ಲಿ ಜಾಗವಿಲ್ಲ ಎಂಬರ್ಥದ ಮಾತು ಹೇಳಿ ಸಾಗಹಾಕುತ್ತಾನೆ. ಆ ಪುಟಗಳನ್ನು ಓದಿದವರು ಬ್ಯುಕಾಕ್‌ನ ನಿರಾಕರಣೆಯನ್ನು ನಂಬುತ್ತಾರೆ, ಏಕೆಂದರೆ ಅವನು ಎಳೆಯರ ಆಯುಷ್ಯವನ್ನು ತನ್ನ ಮಾನಕ್ಕಾಗಿ ಖರ್ಚುಮಾಡಿಲ್ಲ.

4. ಸೋತಿದ್ದೇವೆ ಎಂಬ ಮಾತು ಸೈನಿಕನಲ್ಲದವರ ಬಾಯಿಂದ ಬರಲಿ

2003ರ ಡಿಸೆಂಬರಿನ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಕಿರುಸರಣಿಯಲ್ಲಿ ಮನುಷ್ಯರ ಹನ್ನೆರಡು ವಸಾಹತುಗಳು ಸೈಲಾನ್ ಯಂತ್ರಗಳ ಕೈಯಲ್ಲಿ ನಾಶವಾಗಿವೆ. ಕಮಾಂಡರ್ ಅಡಾಮಾನಿಗೆ ತಿರುಗಿ ಹೊಡೆಯುವ ತವಕ. ಉತ್ತರಾಧಿಕಾರದ ಸಾಲಿನಲ್ಲಿ 43ನೆಯವಳಾಗಿದ್ದು, ಮುಂದಿನವರೆಲ್ಲ ಸತ್ತದ್ದರಿಂದ ಅಧ್ಯಕ್ಷೆಯಾದ ಶಿಕ್ಷಣ ಸಚಿವೆ ಲಾರಾ ರೋಸ್ಲಿನ್ ಅವನಿಗೆ ನೇರವಾಗಿ ಹೇಳುತ್ತಾಳೆ: ಯುದ್ಧ ಮುಗಿದಿದೆ, ಸೋತಿದ್ದೇವೆ, ಉಳಿದವರನ್ನು ಕರೆದುಕೊಂಡು ಓಡಬೇಕು, ಮಕ್ಕಳು ಹುಟ್ಟಬೇಕು. ಉಳಿದವರು ಸುಮಾರು 50,000. ಅಡಾಮಾ ಮೊದಲು ಸಿಡಿಮಿಡಿಗೊಂಡರೂ ಕೊನೆಗೆ ಒಪ್ಪುತ್ತಾನೆ. ಅಷ್ಟೇ ಅಲ್ಲ, ಜನರಿಗೆ ಬದುಕುವ ಆಸೆ ಹುಟ್ಟಲೆಂದು, ಅವರು ದಂತಕತೆಯಲ್ಲಷ್ಟೇ ಕೇಳಿದ್ದ ಭೂಮಿ ಎಲ್ಲಿದೆಯೆಂದು ತನಗೆ ಗೊತ್ತು ಎಂದು ಸುಳ್ಳು ಹೇಳುತ್ತಾನೆ. ಮಾತಿಗೆ ತಪ್ಪದವನೆಂದು ಹೆಸರಾದ ಸೇನಾನಿಯೊಬ್ಬ ಜೀವ ಉಳಿಸಲು ಸುಳ್ಳು ಹೇಳಬೇಕಾಗಿ ಬಂದಾಗ ಕತೆಗೆ ಸಿಗುವ ಕಸುವು ಯಾವ ಗುಂಡಿನ ಕಾಳಗದಲ್ಲೂ ಸಿಗುವುದಿಲ್ಲ.

5. ತಪ್ಪಿಸಿಕೊಳ್ಳುವ ದಾರಿಗಳನ್ನು ತಂತ್ರಜ್ಞಾನದಿಂದಲೇ ಮುಚ್ಚಿ

ಒಂದು ಜಿಗಿತಕ್ಕೆ ಜ್ಯೋತಿರ್ವರ್ಷಗಳನ್ನು ದಾಟುವ ನೌಕೆಯಲ್ಲಿ ಕೂತವನು ಯಾಕೆ ನಿಂತು ಸಾಯುತ್ತಾನೆ? ಉತ್ತರವಿಲ್ಲದಿದ್ದರೆ ಅಲ್ಲಿ ಕೊನೆಯ ಕಾಳಗವೇ ಇಲ್ಲ. ಜಿಗಿತದ ಯಂತ್ರ ಕೆಟ್ಟಿದೆಯೆ, ಇಂಧನ ತೀರಿದೆಯೆ, ಹಿಂದೆ ನಿಧಾನವಾಗಿ ಸಾಗುವ ನಾಗರಿಕ ನೌಕೆಗಳಿವೆಯೆ? ಗ್ಯಾಲಾಕ್ಟಿಕಾದ್ದೇ 2006ರ ಒಂದು ಕಂತಿನಲ್ಲಿ ಜಿಗಿಯಲಾರದೆ ಸಿಕ್ಕಿಬಿದ್ದ ಅಡಾಮಾನನ್ನು ಬಿಡಿಸಲು ಅವನ ಮಗ ಲೀ, ಅಪ್ಪನ ಆಜ್ಞೆ ಮೀರಿ ಪೆಗಾಸಸ್ ನೌಕೆಯನ್ನು ತರುತ್ತಾನೆ. ಸಿಬ್ಬಂದಿಯನ್ನು ಇಳಿಸಿ, ಖಾಲಿ ನೌಕೆಯನ್ನು ಶತ್ರುವಿಗೆ ಡಿಕ್ಕಿ ಹೊಡೆಸುತ್ತಾನೆ. ಚುಕ್ಕಾಣಿ ಹಿಡಿದು ಒಬ್ಬ ಸಾಯಲೇಬೇಕೆಂದು ನೀವು ಬರೆಯುವುದಾದರೆ, ಖಾಲಿ ನೌಕೆ ಏಕೆ ಸಾಲದು ಎಂಬುದಕ್ಕೂ ಕಾರಣ ಬರೆಯಿರಿ.

6. ನೋಡಿದವರು ಯಾರು?

'ಸ್ಟಾರ್ ಟ್ರೆಕ್'ನ 1990ರ ಕಂತು 'ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್'ನಲ್ಲಿ ರಾಮ್ಯುಲನ್ನರ ದಾಳಿಗೆ ಸಿಕ್ಕ ಕ್ಲಿಂಗಾನ್ ನೆಲೆಯ ನೆರವಿಗೆ ಬಂದಿದ್ದ ಫೆಡರೇಷನ್ನಿನ ನೌಕೆ ಎಂಟರ್‌ಪ್ರೈಸ್-ಸಿ, ಕಾಲದ ಬಿರುಕಿನಲ್ಲಿ 22 ವರ್ಷ ಮುಂದಕ್ಕೆ ಬಂದುಬಿಡುತ್ತದೆ. ಅದು ಅಲ್ಲಿ ಕಾದಾಡದೆ ಮಾಯವಾದದ್ದರಿಂದ ಫೆಡರೇಷನ್ನಿಗೂ ಕ್ಲಿಂಗಾನರಿಗೂ ದೀರ್ಘ ಯುದ್ಧ ನಡೆದು, ಫೆಡರೇಷನ್ ಸೋಲಿನ ಅಂಚಿನಲ್ಲಿದೆ. ಹಿಂದೆ ಹೋದರೆ ಸಾವು ಖಚಿತ. ಕ್ಯಾಪ್ಟನ್ ರೇಚಲ್ ಗ್ಯಾರೆಟ್ ಹೋಗಲು ಒಪ್ಪುತ್ತಾಳೆ, ಹೊರಡುವ ಮುನ್ನವೇ ಸಾಯುತ್ತಾಳೆ, ಅವಳ ಸಿಬ್ಬಂದಿ ಹೋಗುತ್ತಾರೆ. ಪರರ ನೆಲೆಗಾಗಿ ಅವರು ಜೀವ ಕೊಟ್ಟದ್ದನ್ನು ಕ್ಲಿಂಗಾನರು ಮರೆಯುವುದಿಲ್ಲ, ಯುದ್ಧವೇ ನಡೆಯದಂತಾಗುತ್ತದೆ. ಕ್ಲಿಂಗಾನರು ಮಾನಕ್ಕೆ ಬೆಲೆ ಕೊಡುವವರಾದ್ದರಿಂದ ಈ ಲೆಕ್ಕ ಕೂಡಿಬರುತ್ತದೆ. ಮಾನವೆಂದರೇನೆಂದು ತಿಳಿಯದ ಯಂತ್ರಗಳ ಎದುರು ಅದೇ ಸಾವಿಗೆ ಫಲವಿರುತ್ತಿರಲಿಲ್ಲ.

7. ಕಣ್ಣೀರಿಗಾಗಿ ಪಾತ್ರದ ನಂಬಿಕೆಯನ್ನು ಮುರಿಯಬೇಡಿ

1978ರಲ್ಲಿ ಬಂದ 'ಫೇರ್‌ವೆಲ್ ಟು ಸ್ಪೇಸ್ ಬ್ಯಾಟಲ್‌ಶಿಪ್ ಯಮಾತೊ' ಸಿನಿಮಾದ ಕೊನೆಯಲ್ಲಿ ಸುಸುಮು ಕೊದಾಯ್ ಬದುಕುಳಿದ ಸಿಬ್ಬಂದಿಯನ್ನು ಇಳಿಸಿ ಕಳಿಸುತ್ತಾನೆ. ಅಷ್ಟರ ಮಟ್ಟಿಗೆ ಅವನು ಒಳ್ಳೆಯ ನಾಯಕನೇ. ಆಮೇಲೆ ತಾನು ಯಮಾತೊವನ್ನು ಶತ್ರುವಿನ ಮಹಾನೌಕೆಯತ್ತ ನಡೆಸುತ್ತಾನೆ. ಜಪಾನಿನ ಥಿಯೇಟರುಗಳಲ್ಲಿ ಆ ಸಿನಿಮಾಗೆ ಜನ ಮುಗಿಬಿದ್ದರು. ನನಗೆ ಒಪ್ಪಿಗೆಯಾಗದ್ದು ಅವನನ್ನು ಆ ನಿರ್ಧಾರಕ್ಕೆ ತಂದವರು ಯಾರು ಎಂಬುದು: ಸತ್ತ ಒಕಿತಾ ಕಾಣಿಸಿಕೊಂಡು, ನಿನ್ನ ಜೀವವೊಂದು ಇನ್ನೂ ಉಳಿದಿದೆಯಲ್ಲ, ಅದರಿಂದ ಕಾದು ಎಂದು ಪ್ರೇರೇಪಿಸುತ್ತಾನೆ. ಪ್ಲೂಟೊ ಬಳಿ ನಾಳೆಗಾಗಿ ಬದುಕಬೇಕೆಂದ ಒಕಿತಾನೇ! ಯಮಾತೊವನ್ನು ರೂಪಿಸಿದವರಲ್ಲಿ ಒಬ್ಬರಾದ ಲೇಜಿ ಮತ್ಸುಮೊತೊ ಅವರಿಗೂ ಈ ಅಂತ್ಯ ಹಿಡಿಸಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಶುರುವಾದ ಟಿವಿ ಸರಣಿ 'ಯಮಾತೊ 2' ಅದೇ ಕತೆಯನ್ನು ಮತ್ತೆ ಹೇಳಿ ಕೊದಾಯ್‌ನನ್ನು ಉಳಿಸಿತು, ಅವನ ಬದಲು ತೆರೇಸಾ ಎಂಬಾಕೆ ತನ್ನನ್ನು ಬಲಿಕೊಟ್ಟಳು.

ಎರಡು ಅಂತ್ಯಗಳಲ್ಲಿ ಯಾವುದು ಮೇಲು ಎಂದು ಕಮ್ಮಟದಲ್ಲಿ ವಾದ ಬೆಳೆಯುತ್ತದೆ, ಬೆಳೆಯಲಿ. ಬೆಲೆಯನ್ನು ಇನ್ನೊಬ್ಬಳ ಮೇಲೆ ಹೊರಿಸಿ ನಾಯಕನನ್ನು ಉಳಿಸುವುದೂ ನನಗೆ ಸಮಾಧಾನ ಕೊಡುವುದಿಲ್ಲ. ಇಂಥ ಕತೆಯ ಕೊನೆಯ ಅಧ್ಯಾಯಕ್ಕೆ ಬಂದಾಗ ಆ ನಾಯಕ ಅಲ್ಲಿಯವರೆಗೆ ತನ್ನವರಿಗೆ ಕೊಟ್ಟ ಆಜ್ಞೆಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳುತ್ತೇನೆ. ಕೊನೆಯ ಆಜ್ಞೆ ಆ ಪಟ್ಟಿಗೆ ಹೊಂದದಿದ್ದರೆ, ನಡುವೆ ಅವನನ್ನು ಬದಲಿಸಿದ ಘಟನೆಯೊಂದು ಕತೆಯಲ್ಲಿ ಆಗಿರಲೇಬೇಕು. ಆಗಿಲ್ಲದಿದ್ದರೆ ಅಂತ್ಯವನ್ನು ತೆಗೆದು ಬೇರೆ ಬರೆಯುತ್ತೇನೆ.